ಬಾಡಿಗೆದಾರ ಪಾಸಾಗದಿರಲಿ

ರಿಟೈರಾದವನ ಖಾತೆಗೆ ಗ್ರಾಚ್ಯುಯಿಟಿ ದುಡ್ಡು ಬಂದು ಬಿದ್ದ ಸುದ್ದಿ ಅವನಿಗಿಂತ ಮೊದಲು ನೆಂಟರಿಷ್ಟರಿಗೆ ತಲುಪಿರುತ್ತದೆ. ನನ್ನ ವಿಷಯದಲ್ಲೂ ಹಾಗೇ ಆಯಿತು. ಎಲ್ಲರದೂ ಒಂದೇ ಸಲಹೆ: ದುಡ್ಡನ್ನು ಬ್ಯಾಂಕಿನಲ್ಲಿ ಕೊಳೆಹಾಕಬೇಡ, ಮನೆ ತಗೊಂಡು ಬಾಡಿಗೆಗೆ ಬಿಡು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೂತು ಊರವರ ದುಡ್ಡು ಕೊಳೆಹಾಕಿದವನಿಗೆ ಈ ಮಾತು ಕೊಂಚ ಚುಚ್ಚಿತಾದರೂ ಸುಮ್ಮನಿದ್ದೆ. ಬೆಂಗಳೂರಿನಲ್ಲಿ ನನ್ನ ದುಡ್ಡಿಗೆ ಒಂದು ಕಾರ್ ಪಾರ್ಕಿಂಗು ಸಿಗಬಹುದಿತ್ತು. ಮೈಸೂರಿನಲ್ಲಿ ನಮ್ಮದೇ ಮನೆಯ ಮಹಡಿ ರೂಮಿಗೆ ಬಾಡಿಗೆದಾರ ಸಿಗುವುದು ಕಷ್ಟವಾಗಿತ್ತು. ಹಾಗಾಗಿ ಹೊರರಾಜ್ಯ ಅಂತ ತೀರ್ಮಾನವಾಯಿತು.

ಷಡ್ಡಕ ಹೊಸೂರು ಅಂದರು. ಅತ್ತಿಬೆಲೆ ದಾಟಿದರೆ ಹೊಸೂರು. ತಮಿಳುನಾಡೇನೋ ಹೌದು, ಆದರೆ ಅಲ್ಲಿನ ಲೇಔಟುಗಳ ಜಾಹೀರಾತು ಓದಿದರೆ ಬೆಂಗಳೂರೇ ಹೊಸೂರಿನ ಒಂದು ಬಡಾವಣೆ ಅನ್ನಿಸುತ್ತದೆ. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆಗೆ ನೋಡಿ ಬರಬಹುದಾದ ಊರಿಗೆ ಹೊರರಾಜ್ಯದ ಗತ್ತು ಎಲ್ಲಿಂದ ಬರಬೇಕು? ಬ್ಯಾಂಕಿನ ಹಳೆಯ ಸಹೋದ್ಯೋಗಿಯೊಬ್ಬರು ರಾಜಸ್ಥಾನದ ಕೋಟಾ ಅಂದರು. ಜೆಇಇ, ನೀಟ್ ಓದುವ ಮಕ್ಕಳ ಊರು, ಹಾಸ್ಟೆಲ್ ಕಟ್ಟಿದವರೆಲ್ಲ ಕೋಟ್ಯಧೀಶರು ಎಂದರು. ವಿಚಾರಿಸಿದರೆ ಮಕ್ಕಳ ಸಂಖ್ಯೆ ಇಳಿದು ಹಾಸ್ಟೆಲುಗಳು ಖಾಲಿ ಬಿದ್ದಿವೆಯೆಂದು ಪತ್ರಿಕೆಗಳೇ ಬರೆಯುತ್ತಿದ್ದವು. ಸಲಹೆ ಕೊಟ್ಟವರಿಗೆ ಅಲ್ಲೊಂದು ಫ್ಲ್ಯಾಟ್ ಇತ್ತೆಂಬುದೂ, ಅದಕ್ಕೆ ಅವರು ಗಿರಾಕಿ ಹುಡುಕುತ್ತಿದ್ದರೆಂಬುದೂ ಆಮೇಲೆ ತಿಳಿಯಿತು.

ಆಗ ಅಕ್ಕನ ಮಗ ದೆಹಲಿಯಿಂದ ಫೋನ್ ಮಾಡಿದ. ಐಎಎಸ್ ಓದಲು ಹೋಗಿ ಕೂತಿದ್ದಾನೆ. ನಮ್ಮ ಕಡೆಯ ಹುಡುಗರು ಹೆಚ್ಚಾಗಿ ಇಂಗ್ಲಿಷ್ ಮಾಧ್ಯಮದ ಹಳೇ ರಾಜಿಂದರ್ ನಗರಕ್ಕೆ ಹೋಗುತ್ತಾರೆ. ಇವನು ಬಾಡಿಗೆ ಸ್ವಲ್ಪ ಕಡಿಮೆಯೆಂದು ಹಿಂದಿ ಮಾಧ್ಯಮದವರ ಮುಖರ್ಜಿ ನಗರ ಹಿಡಿದಿದ್ದ. "ಮಾವ, ಮಾರ್ಕೆಟ್ ಅಂದ್ರೆ ಇದು" ಅಂದ. "2023ರ ಸಿವಿಲ್ ಸರ್ವೀಸಸ್ ಪರೀಕ್ಷೆಗೆ ಅರ್ಜಿ ಹಾಕಿದವರು 10,16,850. ಬರೆದವರು 5,92,141. ಕೊನೆಗೆ ಆಯ್ಕೆಯಾದವರು 1,016. ಉಳಿದವರು ಏನ್ ಮಾಡ್ತಾರೆ? ಮತ್ತೆ ಓದ್ತಾರೆ. ಓದೋಕೆ ರೂಮ್ ಬೇಕು."

ಮೂವತ್ತೈದು ವರ್ಷ ಸಾಲದ ಅರ್ಜಿ ಪರಿಶೀಲಿಸಿದ ನನಗೆ ಇಷ್ಟು ಭದ್ರವಾದ ಪ್ರಾಜೆಕ್ಟ್ ರಿಪೋರ್ಟು ಯಾರೂ ಕೊಟ್ಟಿರಲಿಲ್ಲ. ಸಾಮಾನ್ಯ ವರ್ಗದವರು 32 ವರ್ಷದವರೆಗೆ ಆರು ಸಲ ಬರೆಯಬಹುದು. ಹಿಂದುಳಿದ ವರ್ಗದವರು 35ರವರೆಗೆ ಒಂಬತ್ತು ಸಲ. ಪರಿಶಿಷ್ಟರಿಗೆ 37ರವರೆಗೆ ಅವಕಾಶ, ಎಷ್ಟು ಸಲ ಎಂಬ ಮಿತಿಯೂ ಇಲ್ಲ. ಒಬ್ಬೊಬ್ಬ ಬಾಡಿಗೆದಾರ ಎಷ್ಟು ವರ್ಷ ಇರುತ್ತಾನೆಂದು ಕೇಂದ್ರ ಸರ್ಕಾರವೇ ಗೆಜೆಟ್‌ನಲ್ಲಿ ಛಾಪಿಸಿ ಕೊಟ್ಟಂತೆ. ಹೆಂಡತಿ ಮಾತ್ರ "ಅವ್ರು ಪಾಸಾದ್ರೆ?" ಅಂದಳು. "ಲಕ್ಷಾಂತರ ಜನದಲ್ಲಿ ನಮ್ಮ ರೂಮಿನವನೇ ಪಾಸಾಗ್ತಾನಾ?" ಅಂದೆ. ಅವಳು ನನ್ನ ಮುಖವನ್ನೇ ನೋಡಿ ಒಳಗೆ ಹೋದಳು.

ಜನವರಿಯ ಚಳಿಯಲ್ಲಿ ದೆಹಲಿಗೆ ಹೊರಟೆ. ಹಳದಿ ಲೈನಿನ ಮೆಟ್ರೋದಲ್ಲಿ ಜಿಟಿಬಿ ನಗರದಲ್ಲಿಳಿದು ಇ-ರಿಕ್ಷಾ ಹತ್ತಿ "ಬತ್ರಾ" ಅಂದರೆ ಸಾಕು. ಬತ್ರಾ ಮುಖರ್ಜಿ ನಗರದ ಒಂದು ಸಿನಿಮಾ ಮಂದಿರದ ಹೆಸರು. ಅಲ್ಲಿಗೆ ಬರುವ ಯಾರ ತಲೆಯಲ್ಲೂ ಸಿನಿಮಾ ಇರುವುದಿಲ್ಲ. ಸುತ್ತ ಎಲ್ಲಿ ನೋಡಿದರೂ ಕೋಚಿಂಗ್ ಸಂಸ್ಥೆಗಳ ಬೋರ್ಡುಗಳು, ಬೋರ್ಡಿನ ತುಂಬ ಹೂಮಾಲೆ ಹಾಕಿದ ಮುಖಗಳು, ಮುಖದ ಕೆಳಗೆ ರ‍್ಯಾಂಕು. ನಮ್ಮೂರಲ್ಲಾದರೆ ಇಷ್ಟು ದೊಡ್ಡ ಫೋಟೋಗೆ ಹಾರ ಹಾಕುವುದು ಸತ್ತವರಿಗೆ ಇಲ್ಲವೇ ರಾಜಕಾರಣಿಗಳಿಗೆ. ಒಬ್ಬಳೇ ಹುಡುಗಿ ಎದುರುಬದುರಿನ ಎರಡು ಸಂಸ್ಥೆಗಳ ಬೋರ್ಡುಗಳಲ್ಲಿ ನಗುತ್ತಿದ್ದಳು. ಇಂಥ ಜಾಹೀರಾತುಗಳಿಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹಲವು ಕೋಚಿಂಗ್ ಸಂಸ್ಥೆಗಳಿಗೆ ದಂಡ ಹಾಕಿದೆ. ದಂಡ ಕಟ್ಟಿದರೂ ಬೋರ್ಡಿಗೆ ಜಾಗ ಸಾಲದು.

ಈ ಜಾಗಕ್ಕೂ ಬಿಡಾರಕ್ಕೂ ಹಳೆಯ ನಂಟು. ಪಕ್ಕದ ಕಿಂಗ್ಸ್‌ವೇ ಕ್ಯಾಂಪಿನ ಆಚೆಯ ಬಯಲಲ್ಲಿ 1911ರಲ್ಲಿ ಐದನೇ ಜಾರ್ಜ್ ದರ್ಬಾರು ನಡೆಸಿ, ರಾಜಧಾನಿ ಕಲ್ಕತ್ತೆಯಿಂದ ದೆಹಲಿಗೆ ಬರುತ್ತದೆಂದು ಸಾರಿದ. ದೇಶ ಒಡೆದಾಗ ಅದೇ ಕಿಂಗ್ಸ್‌ವೇ ಕ್ಯಾಂಪಿನಲ್ಲಿ ಪಂಜಾಬಿನ ನಿರಾಶ್ರಿತರು ಬಂದು ಬಿದ್ದರು. ಎಲ್ಲವನ್ನೂ ಬಿಟ್ಟು ಬಂದವರು ಸುತ್ತಮುತ್ತ ಸಣ್ಣ ಸಣ್ಣ ಪ್ಲಾಟುಗಳಲ್ಲಿ ಮನೆ ಕಟ್ಟಿಕೊಂಡರು. ಮಕ್ಕಳು ಅದರ ಮೇಲೊಂದು ಮಹಡಿ ಏರಿಸಿದರು, ಮೊಮ್ಮಕ್ಕಳು ಪ್ರತಿ ಮಹಡಿಯನ್ನೂ ಪ್ಲೈವುಡ್ಡಿನಿಂದ ನಾಲ್ಕು ಮಾಡಿದರು. ಈಗ ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದ ರೈತರ ಮಕ್ಕಳು ಆ ಪ್ಲೈವುಡ್ಡಿನ ನಡುವೆ ಕೂತು ಸಂವಿಧಾನ ಓದುತ್ತಾರೆ.

ಪ್ರಾಪರ್ಟಿ ಡೀಲರನ ಅಂಗಡಿ ಒಂದು ಮೆಟ್ಟಿಲ ಕೆಳಗಿತ್ತು. ಮೇಲೆ ಗುರುನಾನಕರ ಪಟ, ಕೆಳಗೆ ಹೀಟರು. "ಬೈಠಿಯೇ ಭಾಯಿಸಾಬ್" ಎಂದು ಚಹಾ ತರಿಸಿ, ನಾನು ಚದರಡಿ ಅಂದದ್ದಕ್ಕೆಲ್ಲ ಗಜ ಅಂದ. ಐವತ್ತು ಗಜದ ಪ್ಲಾಟು, ಅದರ ಮೂರನೇ ಮಹಡಿ, ಛಾವಣಿಯ ಹಕ್ಕು ಇಲ್ಲ. ಕಾಗದಪತ್ರ ಕೇಳಿದೆ. ಪವರ್ ಆಫ್ ಅಟಾರ್ನಿ ಮೇಲೆ ಕೊಡಿಸುತ್ತೇನೆ, ಇಲ್ಲಿ ಎಲ್ಲರೂ ಹಾಗೇ ಅಂದ. ಅಂಥ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆಯಲ್ಲ ಎಂದೆ. ಅವನು ಚಹಾ ಲೋಟ ಕೆಳಗಿಟ್ಟು, ಇಂಥದನ್ನೆಲ್ಲ ಓದಿಕೊಂಡವರು ಮನೆ ಕೊಳ್ಳುವುದಿಲ್ಲ, ಇಲ್ಲೇ ರೂಮು ಮಾಡಿ ಪರೀಕ್ಷೆಗೆ ಕೂರುತ್ತಾರೆ ಎಂದ. ರಿಜಿಸ್ಟ್ರೇಷನ್ ಆಗುವಂಥದ್ದೂ ಇತ್ತು. ಅದಕ್ಕೆ ಹೆಂಗಸಾದರೆ ಸ್ಟ್ಯಾಂಪ್ ಡ್ಯೂಟಿ ಗಂಡಸಿಗಿಂತ ಶೇ 2 ಕಡಿಮೆ. ಹೆಂಡತಿಗೆ ಫೋನ್ ಹಚ್ಚಿ "ನಿನ್ನ ಹೆಸರಲ್ಲಿ ತಗೊಂಡ್ರೆ ಎರಡು ಪರ್ಸೆಂಟ್ ಉಳಿಯುತ್ತೆ ಕಣೆ" ಅಂದೆ. "ತಗೊಳ್ದೇ ಇದ್ರೆ ನೂರು ಪರ್ಸೆಂಟ್ ಉಳಿಯುತ್ತಲ್ರೀ" ಅಂದಳು.

ಡೀಲರ್ ರೂಮು ತೋರಿಸಿದ. ಒಂದು ಮಂಚ, ಒಂದು ಮೇಜು, ಅವೆರಡರ ನಡುವೆ ಒಬ್ಬ ಹುಡುಗ. ನಾವು ಒಳಗೆ ಹೋಗಬೇಕೆಂದರೆ ಅವನು ಮಂಚದ ಮೇಲೆ ಹತ್ತಿ ನಿಲ್ಲಬೇಕು; ಹತ್ತಿ ನಿಂತ. ಕಿಟಕಿ ತೆರೆದರೆ ಎದುರು ಮನೆಯ ಕಿಟಕಿ, ಅದರಲ್ಲಿ ಇನ್ನೊಬ್ಬ ಹುಡುಗ, ಅದೇ ಪುಸ್ತಕದ ಬಹುಶಃ ಅದೇ ಪುಟ. ಗೋಡೆಗೆ ಭಾರತದ ಭೂಪಟ ಅಂಟಿಸಿದ್ದ. ಬಚ್ಚಲಿನ ಪೈಪು ಗೋಡೆಯೊಳಗೆ ಸೋರಿ ಪಟದ ಕೆಳಭಾಗ ಪೂರ್ತಿ ನೆನೆದಿತ್ತು. ಹಿಂದೂ ಮಹಾಸಾಗರದಲ್ಲಿ ನಿಜವಾದ ನೀರು. ಕನ್ಯಾಕುಮಾರಿ ಆಗಲೇ ಬಿಟ್ಟುಕೊಂಡು ಸುರುಳಿಯಾಗಿತ್ತು. ತೇವ ಮಂಗಳೂರಿನತ್ತ ಏರುತ್ತಿತ್ತು. "ಎಷ್ಟು ದಿನದಿಂದ ಹೀಗಿದೆ?" ಎಂದು ಕೇಳಿದೆ. ಬಂದಾಗ ಶ್ರೀಲಂಕಾ ಮಾತ್ರ ಒದ್ದೆಯಾಗಿತ್ತು ಅಂದ.

ಕೆಳಗೆ ಅಕ್ಕನ ಮಗನ ಮನೆಯೊಡತಿ ಸಿಕ್ಕರು. ಎಲ್ಲರೂ ಅವರನ್ನು ಆಂಟಿ ಅನ್ನುತ್ತಾರೆ, ಅವರಿಗಿಂತ ಹಿರಿಯನಾದ ನಾನೂ ಅಂದೆ. ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು ಬಟಾಣಿ ಬಿಡಿಸುತ್ತ ಆ ಹೆಂಗಸು ನಡೆಸುತ್ತಿದ್ದ ಆಡಳಿತ ಯಾವ ಜಿಲ್ಲಾಧಿಕಾರಿಗೂ ಸಾಧ್ಯವಿಲ್ಲ. ನೀರಿನ ಮೋಟರಿನ ಸ್ವಿಚ್ಚು ಅವರ ಕೈಯಲ್ಲಿ. ಛಾವಣಿಯ ಬೀಗದ ಕೈ ಸೊಂಟದಲ್ಲಿ. ದೆಹಲಿಯಲ್ಲಿ 200 ಯೂನಿಟ್ ಕರೆಂಟು ಫ್ರೀ ಎಂಬುದು ಸರ್ಕಾರದ ನಂಬಿಕೆ. ಒಳಗೆ ಪ್ರತಿ ರೂಮಿಗೊಂದು ಸಬ್‌ಮೀಟರು, ಯೂನಿಟ್ಟಿಗಿಷ್ಟು ಅಂತ ಆಂಟಿಯ ದರ. ಕರಾರು 11 ತಿಂಗಳಿಗೆ, ಏಕೆಂದರೆ ವರ್ಷ ಮೀರಿದರೆ ರಿಜಿಸ್ಟರ್ ಮಾಡಿಸಬೇಕು. ಹನ್ನೆರಡನೇ ತಿಂಗಳಿಗೆ ಹೊಸ ಕರಾರು, ಹೊಸ ಬಾಡಿಗೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಇಸಕೊಳ್ಳುತ್ತಿದ್ದರೆಂದು ನಾನು ಹೇಳಿದಾಗ ಮಾತ್ರ ಅವರ ಕೈಯ ಬಟಾಣಿ ನಿಂತಿತು. ಇಲ್ಲಿ ಒಂದು ತಿಂಗಳದ್ದು ಕೊಟ್ಟರೆ ಹೆಚ್ಚು. ನಮ್ಮ ನಾಡಿನ ಬಗ್ಗೆ ಉತ್ತರ ಭಾರತದಲ್ಲಿ ಅಷ್ಟು ಗೌರವ ಮೂಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹುಡುಗರು ಪಾಸಾಗಿ ಹೊರಟುಹೋದರೆ ನಿಮಗೆ ನಷ್ಟವಲ್ಲವೇ ಎಂದು ಕೇಳಿದೆ. ಆಂಟಿ ನಕ್ಕರು. ಪಾಸಾದರೆ ಅದು ಲಕ್ಕಿ ರೂಮು, ಮುಂದಿನವನಿಗೆ ಸಾವಿರ ರೂಪಾಯಿ ಜಾಸ್ತಿ. ಫೇಲಾದರೆ ಹುಡುಗ ಎಲ್ಲಿ ಹೋಗುತ್ತಾನೆ? ಊರಿಗೆ ಹೋಗಲು ಅವನಿಗೆ ಮುಖವಿಲ್ಲ. ರಿಸಲ್ಟಿನ ಹಿಂದಿನ ದಿನ ಎಲ್ಲರಿಗೂ ಹಲ್ವಾ ಮಾಡಿ ಹಂಚುತ್ತಾರಂತೆ. ಯಾವ ಕಡೆಯಿಂದಲೂ ತಮಗೆ ನಷ್ಟವಿಲ್ಲದ್ದರಿಂದ ಅವರ ಹಾರೈಕೆಯಲ್ಲಿ ಕಲ್ಮಶವಿರಲಿಲ್ಲ. ನಾನಾದರೆ ಮೈಸೂರಿನಲ್ಲಿ ಕೂತು, ಪಾಸಾದನೋ ಅಂತ ಎದೆ ಹಿಡಿದುಕೊಂಡು ಪಟ್ಟಿ ನೋಡಬೇಕು. ಫಲಿತಾಂಶದ ದಿನ ಚಾಮುಂಡಿ ಬೆಟ್ಟ ಹತ್ತಿ ತಾಯಿಯ ಮುಂದೆ ಏನೆಂದು ಬೇಡಿಕೊಳ್ಳಲಿ?

ಅಕ್ಕನ ಮಗ ಇನ್ನೊಂದು ಬೀದಿಯ ಕಟ್ಟಡ ತೋರಿಸಿದ. 2023ರ ಜೂನ್ 15ರಂದು ಅಲ್ಲಿಯ ಕೋಚಿಂಗ್ ಸೆಂಟರಿನಲ್ಲಿ ಬೆಂಕಿ ಬಿದ್ದು ಹುಡುಗ ಹುಡುಗಿಯರು ಕಿಟಕಿಯಿಂದ ಹಗ್ಗ ಹಿಡಿದು ಇಳಿದಿದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದ್ದೆವು. ಸೆಪ್ಟೆಂಬರಿನಲ್ಲಿ ಹುಡುಗಿಯರ ಪೀಜಿಯೊಂದಕ್ಕೂ ಬೆಂಕಿ ಬಿತ್ತು. 2024ರ ಜುಲೈನಲ್ಲಿ ರಾಜಿಂದರ್ ನಗರದ ಬೇಸ್‌ಮೆಂಟಿಗೆ ಮಳೆನೀರು ನುಗ್ಗಿ ಓದುತ್ತಿದ್ದ ಮೂವರು ಸತ್ತರು. ಆಮೇಲೆ ಬೇಸ್‌ಮೆಂಟುಗಳಿಗೆ ಸೀಲು ಬಿತ್ತು. ನನಗೆ ತೋರಿಸಿದ ಮನೆಗೆ ಒಂದೇ ಮೆಟ್ಟಿಲು, ಅದೂ ಒಬ್ಬರು ಹತ್ತಿದರೆ ಇನ್ನೊಬ್ಬರು ಕಾಯಬೇಕಾದಷ್ಟು ಅಗಲ, ಬುಡದಲ್ಲಿ ಹದಿನಾರು ಕರೆಂಟು ಮೀಟರು. ಇದಕ್ಕೆ ನಾನು ಮಾಲೀಕನಾಗುವುದೆಂದರೇನೆಂದು ಅಲ್ಲೇ ನಿಂತು ಯೋಚಿಸಿದೆ. ತಮಾಷೆ ಅನ್ನಿಸಲಿಲ್ಲ.

ಹಾಗಾದರೆ ಒಳ್ಳೆಯ ಅಪಾರ್ಟ್‌ಮೆಂಟೇ ನೋಡೋಣ, ಸರ್ಕಾರಿ ಸಂಸ್ಥೆ ಕಟ್ಟಿದ್ದು, ಅಂದೆ. ಡೀಲರ್ ಮೊದಲ ಸಲ ಪ್ರಾಮಾಣಿಕನಾದ. ಮುಖರ್ಜಿ ನಗರದಲ್ಲೇ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಕಟ್ಟಿದ ಸಿಗ್ನೇಚರ್ ವ್ಯೂ ಅಪಾರ್ಟ್‌ಮೆಂಟ್ಸ್ ಇದೆ, 336 ಫ್ಲ್ಯಾಟು. ಹದಿನೈದು ವರ್ಷ ತುಂಬುವುದರೊಳಗೆ ವಾಸಕ್ಕೆ ಅಪಾಯವೆಂದು ಸಾಬೀತಾಗಿ, ಎಲ್ಲರೂ ಖಾಲಿ ಮಾಡಬೇಕು, ಕೆಡವಿ ಮತ್ತೆ ಕಟ್ಟಿಕೊಡಬೇಕು, ಅಲ್ಲಿಯವರೆಗೆ ಪ್ರಾಧಿಕಾರವೇ ಮಾಲೀಕರಿಗೆ ತಿಂಗಳಿಗೆ ಐವತ್ತು ಸಾವಿರ, ಮೂವತ್ತೆಂಟು ಸಾವಿರದಂತೆ ಬಾಡಿಗೆ ಕೊಡಬೇಕೆಂದು 2024ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಆದೇಶ ಮಾಡಿತ್ತು. ನಾನು ದೆಹಲಿಯಲ್ಲಿ ಕೇಳಿದ ಬಾಡಿಗೆಗಳಲ್ಲೆಲ್ಲ ಅದೇ ದೊಡ್ಡದು. ಅದನ್ನು ಪಡೆಯಲು ಮನೆ ಬೀಳುವ ಸ್ಥಿತಿಗೆ ಬರಬೇಕು, ಅಷ್ಟೇ.

ದುಡ್ಡು ಎಫ್‌ಡಿಯಲ್ಲೇ ಉಳಿಯಿತು. ಡೀಲರ್ ಈಗಲೂ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರದ ಜೊತೆ ಒಂದು ಫ್ಲ್ಯಾಟಿನ ಚಿತ್ರ ಕಳಿಸುತ್ತಾನೆ.

ಅಷ್ಟರಲ್ಲಿ ನಮ್ಮ ಮಹಡಿ ರೂಮಿಗೆ ಪಿರಿಯಾಪಟ್ಟಣದ ಕಡೆಯ ಹುಡುಗನೊಬ್ಬ ಬಂದಿದ್ದ. ಕೆಪಿಎಸ್‌ಸಿ ಓದುವವನು. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ 2024ರ ಆಗಸ್ಟಿನಲ್ಲಿ ಪರೀಕ್ಷೆ ಬರೆದಿದ್ದ. ಕನ್ನಡ ಪ್ರಶ್ನೆಪತ್ರಿಕೆಯ ತಪ್ಪುಗಳಿಂದ ಗಲಾಟೆಯಾಗಿ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಅದರಲ್ಲೂ ತಪ್ಪುಗಳಿವೆಯೆಂದು ಮತ್ತೆ ಗಲಾಟೆ. ಪರೀಕ್ಷೆ ಮುಗಿಯದಿದ್ದರೆ ಬಾಡಿಗೆದಾರ ಕದಲುವುದಿಲ್ಲ, ಇದು ಮುಖರ್ಜಿ ನಗರದ ಅರ್ಥಶಾಸ್ತ್ರ. ಅದನ್ನು ಕೈಯಲ್ಲಿ ಹಿಡಿದು ಮಾರ್ಚಿನಲ್ಲಿ ಬಾಡಿಗೆ ಏರಿಸುವ ಮಾತೆತ್ತಿದೆ. ಹೆಂಡತಿ ಹುಡುಗನಿಗೆಂದು ಉಪ್ಪಿಟ್ಟು ಮುಚ್ಚಿಡುತ್ತಿದ್ದವಳು ತಿರುಗಿ, "ಜನವರಿಯಿಂದ ಅವನ ಹತ್ರ ಬಾಡಿಗೆನೇ ತಗೊಂಡಿಲ್ಲ ಕಣ್ರೀ" ಅಂದಳು. "ಮಗು ಓದ್ತಾ ಇದೆ. ಪಾಸಾದ್ಮೇಲೆ ಕೊಡ್ಲಿ."