ಇಷ್ ಬಿನ್ ಫೌಲ್
ಅಳಿಯ ಜರ್ಮನಿಯವನು. ಅವನೆದುರು ನನ್ನ ಗುಣಗಾನ ನಾನೇ ಮಾಡಿಕೊಳ್ಳಬೇಕಲ್ಲ ಎಂದು ಮರಳವಾಡಿಯ ಜಗಲಿಯಲ್ಲಿ ಕೂತು ಫೋನಿನಲ್ಲೇ ಜರ್ಮನ್ ಶುರುಮಾಡಿದೆ. ‘ಇಷ್ ಬಿನ್’ ಎಂದರೆ ‘ನಾನು ಇಂಥವನು’. ‘ಫೌಲ್’ ಎಂದರೆ ಸೋಮಾರಿ. ನಮಗೋ ಬಿನ್ ಎಂದರೆ ಪಹಣಿಯ ಬಿನ್! ‘ಇಷ್ ಬಿನ್ ಫೌಲ್’ ಅಂತ ಉರು ಹೊಡೆಯುತ್ತಿದ್ದಾಗ ಹಿಪ್ಪುನೇರಳೆ ಸೊಪ್ಪು ಹೊತ್ತು ಬಂದ ನನ್ನವಳು, “ಯಾರ ಪಹಣಿ ಓದ್ತಿದ್ದೀರ? ಫೌಲಪ್ಪನ ಮಗ ಇಷಪ್ಪಂದಾ?” ಅಂದಳು. ಅರ್ಥ ಹೇಳಿದೆ. “ಅದನ್ನ ಹೇಳೋಕೆ ಜರ್ಮನ್ ಬೇಕಾಯ್ತಾ? ಊರಿಗೇ ಗೊತ್ತು” ಅಂತ ಹೊರೆಯನ್ನು ನನ್ನ ಕಾಲಬುಡಕ್ಕೇ ಒಗೆದಳು.

ಜರ್ಮನಿಯಿಂದ ಬಂದ ಕಿಟೆಲ್ ಕನ್ನಡ ಕಲಿತು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೇ ಹೊರತಂದರು. ನನಗೆ ಶ್ರಮಜೀವಿ ಎನ್ನುವ ‘ಫ್ಲೈಸಿಷ್’ ಕೂಡ ಹೊರಳದು. ಸಕಾರ ತಪ್ಪಿ ‘ಫ್ಲೈಶಿಷ್’ ಆದರೆ ಮೈತುಂಬ ಮಾಂಸ ಉಳ್ಳವನು ಎಂದಾಗುತ್ತದಂತೆ. ಹೊಟ್ಟೆ ನೋಡಿಕೊಂಡೆ, ಅದೂ ಸುಳ್ಳಲ್ಲ.

ಕೊನೆಗೆ ಸುಲಭದ್ದೊಂದು ಸಿಕ್ಕಿತು: ‘ನೆಟ್’, ಅಂದರೆ ಒಳ್ಳೆಯವನು. ಮೊನ್ನೆ ವಿಡಿಯೋ ಕರೆಯಲ್ಲಿ ಅಳಿಯನಿಗೆ ಎದೆಯುಬ್ಬಿಸಿ ‘ಇಷ್ ಬಿನ್ ನೆಟ್’ ಅಂದೆ. ಅಷ್ಟರಲ್ಲಿ ನೆಟ್ ಹೋಯಿತು. ಇನ್ನೂ ಬಂದಿಲ್ಲ.