ಟಿಕಳಿ ಪಿಸ್ತೂಲಿನ ಪರ ವಕಾಲತ್ತು

ಲೈಸೆನ್ಸು ಬೇಕಿಲ್ಲ. ಪೊಲೀಸರ ವಿಚಾರಣೆ ಇಲ್ಲ. ಚುನಾವಣೆ ಘೋಷಣೆಯಾದ ಕೂಡಲೇ ಠಾಣೆಗೆ ಒಯ್ದು ಜಮಾ ಮಾಡಿ ರಸೀದಿ ಇಸಿದುಕೊಳ್ಳುವ ತಾಪತ್ರಯವೂ ಇಲ್ಲ. ಬೆಲೆಯೋ, ಮನೆಮಂದಿಯೆಲ್ಲ ಸಂಜೆಗೆ ತಿನ್ನುವ ಗಿರಮಿಟ್ಟು-ಮಿರ್ಚಿಯ ಬಿಲ್ಲಿನೊಳಗೇ ಮುಗಿಯುತ್ತದೆ. ಇಷ್ಟು ಸೌಲಭ್ಯವಿರುವ ಕೈಬಂದೂಕು ನಮ್ಮ ಕಡೆ ಒಂದೇ ಒಂದು: ದೀಪಾವಳಿಯ ಟಿಕಳಿ ಪಿಸ್ತೂಲು. ಹೀಗಿದ್ದೂ ಅದಕ್ಕೆ ಬಂದಿರುವ ಹೆಸರು ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ. ಬನಹಟ್ಟಿಯ ನಮ್ಮ ಓಣಿಯ ಹಿರಿಯರೊಬ್ಬರು ಚುನಾವಣೆ ಭಾಷಣ ಕೇಳಿಕೊಂಡು ಬಂದು ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟರು: “ಟಿಕಳಿ ಪಿಸ್ತೂಲ್ ಅದಾನ ಬಿಡೋ ತಮ್ಮಾ. ಸಪ್ಪಳ ಐತಿ, ಗುಂಡಿಲ್ಲ.”

ಪಿಸ್ತೂಲಿಗೆ ಇದು ಅನ್ಯಾಯ. ಗುಂಡಿಲ್ಲದಿರುವುದೇ ಅದರ ದೊಡ್ಡಸ್ತಿಕೆಯಲ್ಲವೇ? ಗುಂಡಿದ್ದ ಪಿಸ್ತೂಲುಗಳಿಂದ ಜಗತ್ತಿಗೆ ಏನು ಉಪಕಾರವಾಗಿದೆ ಎಂದು ಕೇಳಿದರೆ ಹಿರಿಯರು ಅಡಿಕೆ ಕತ್ತರಿಸುತ್ತಾ ಮಾತು ಮರೆಸುತ್ತಾರೆ.

ಆಪಾದನೆಗಳೇನು ಒಂದೆರಡಲ್ಲ. ಬಾರ್ ಆಗುವುದಿಲ್ಲ, ಬಾಳಿಕೆ ಬರುವುದಿಲ್ಲ, ಹುಡುಗರ ತಲೆ ಕೆಡಿಸುತ್ತದೆ, ಓಣಿಯಲ್ಲಿ ಗದ್ದಲ. ಬಾಳಿಕೆಯ ವಿಷಯದಲ್ಲಿ ನಾನು ವಾದಿಸಲು ಹೋಗುವುದಿಲ್ಲ. ಅಚ್ಚಿನಲ್ಲಿ ಒತ್ತಿದ ಎರಡು ತಗಡು, ಅಂಚಿನಲ್ಲಿ ಮಡಚಿದ ಕಿವಿಗಳು, ಒಳಗೊಂದು ಬಡ ಸ್ಪ್ರಿಂಗು, ಮೇಲೆ ಕಪ್ಪು ಬಣ್ಣ. ನರಕ ಚತುರ್ದಶಿಯ ಎಣ್ಣೆ ಸ್ನಾನ ಮುಗಿಸಿ ಕೊಬ್ಬರಿ ಎಣ್ಣೆಯ ಕೈಯಲ್ಲಿ ಹಿಡಿದರೆ ಬಣ್ಣ ಅಂಗೈಗೆ, ಅಂಗೈಯಿಂದ ಹೊಸ ಅಂಗಿಗೆ. ಪಾಡ್ಯದ ಹೊತ್ತಿಗೆ ಸ್ಪ್ರಿಂಗು ಸೋತಿರುತ್ತದೆ. ಆಮೇಲೆ ಕುದುರೆಯನ್ನು ಬೆರಳಿಂದ ಎತ್ತಿ, ಬೆರಳಿಂದಲೇ ಬಡಿಯಬೇಕು. ಆದರೆ ಹಬ್ಬವೂ ಅಷ್ಟೇ ದಿನದ್ದು ತಾನೆ. ಹಬ್ಬ ಮುಗಿದ ಮೇಲೂ ಬಾರ್ ಆಗುತ್ತಲೇ ಇರುವ ಪಿಸ್ತೂಲು ಯಾವ ತಾಯಿಗೆ ಬೇಕು?

ಬಾರ್ ಆಗುವುದಿಲ್ಲ ಎಂಬುದೇ ಮುಖ್ಯ ದೂರು. ಇದಕ್ಕೆ ಪಿಸ್ತೂಲನ್ನು ಬೈದು ಉಪಯೋಗವಿಲ್ಲ, ಟಿಕಳಿಯನ್ನು ಅರಿತುಕೊಳ್ಳಬೇಕು. ಕೆಂಪು ಕಾಗದದ ಎರಡು ಪದರಗಳ ನಡುವೆ ಸಾಸಿವೆಯಷ್ಟು ಮದ್ದು. ಅದರಲ್ಲಿರುವವರು ಮುಖ್ಯವಾಗಿ ಇಬ್ಬರು, ಕೆಂಪು ರಂಜಕ ಮತ್ತು ಪೊಟ್ಯಾಸಿಯಂ ಕ್ಲೋರೇಟ್. ಇವರಿಬ್ಬರ ಜಗಳ ಗೊತ್ತಿದ್ದೇ ಬೆಂಕಿಪೆಟ್ಟಿಗೆ ಮಾಡುವವರು ಒಬ್ಬನನ್ನು ಕಡ್ಡಿಯ ತಲೆಯಲ್ಲೂ ಇನ್ನೊಬ್ಬನನ್ನು ಪೆಟ್ಟಿಗೆಯ ಬದಿಯಲ್ಲೂ ಬೇರೆ ಬೇರೆ ಇಟ್ಟಿದ್ದಾರೆ, ಗೀರಿದಾಗಷ್ಟೇ ಭೇಟಿ. ಟಿಕಳಿಯಲ್ಲಿ ಇಬ್ಬರಿಗೂ ಒಂದೇ ಹಾಸಿಗೆ. ಒಂದು ಪೆಟ್ಟು ಬಿದ್ದರೆ ಸಾಕು, ಮನೆ ಇಬ್ಭಾಗ. ಆದರೆ ಹಾಸಿಗೆ ಹಸಿಯಾಗಿದ್ದರೆ ಇಬ್ಬರೂ ಸುಮ್ಮನೆ ಮಲಗಿಬಿಡುತ್ತಾರೆ. ಆಗ ಬರುವುದೇ ‘ಠುಸ್’.

ಈ ಠುಸ್ಸಿಗೆ ಘನವಾದ ವಂಶಾವಳಿ ಇದೆ ಎಂಬುದು ನಿಂದಕರಿಗೆ ಗೊತ್ತಿಲ್ಲ. ಟಿಕಳಿಯ ರೋಲು ನೋಡಿದ್ದೀರಲ್ಲ, ಉದ್ದ ಕಾಗದದ ಪಟ್ಟಿ, ಅದರಲ್ಲಿ ಸಾಲಾಗಿ ಮದ್ದಿನ ಚುಕ್ಕಿ. ಅದರ ಮುತ್ತಜ್ಜನನ್ನು ಹುಟ್ಟಿಸಿದವರು ಆಟಿಕೆ ಮಾಡುವವರಲ್ಲ, ಅಮೆರಿಕದ ಒಬ್ಬ ಹಲ್ಲಿನ ಡಾಕ್ಟರು. ಹೆಸರು ಎಡ್ವರ್ಡ್ ಮೇನಾರ್ಡ್. ಸಿಪಾಯಿ ಪ್ರತಿ ಗುಂಡಿಗೂ ಒಂದೊಂದು ತಾಮ್ರದ ಕೇಪನ್ನು ಬೆರಳಿಂದ ಕೂಡಿಸುತ್ತಾ ಒದ್ದಾಡುವುದನ್ನು ತಪ್ಪಿಸಲು ಈ ಪುಣ್ಯಾತ್ಮ ಮದ್ದಿನ ಚುಕ್ಕಿಗಳ ಕಾಗದದ ಪಟ್ಟಿ ಮಾಡಿ 1845ರಲ್ಲಿ ಪೇಟೆಂಟ್ ಪಡೆದ. ಕುದುರೆ ಎತ್ತಿದಾಗಲೆಲ್ಲ ಪಟ್ಟಿ ಮುಂದಕ್ಕೆ ಸರಿಯುತ್ತದೆ, ಥೇಟು ನಮ್ಮ ರೋಲಿನ ಪಿಸ್ತೂಲು. ಅಮೆರಿಕದ ಸೈನ್ಯ ಖುಷಿಪಟ್ಟು ತನ್ನ 1855ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ಬಂದೂಕಿಗೆ ಅದನ್ನೇ ಅಳವಡಿಸಿತು. ಮಳೆಗಾಳಿಗೆ ಒಯ್ದು ನೋಡಿದರೆ, ಠುಸ್. ಕಾಗದ ಥಂಡಿ ಹೀರಿಕೊಂಡಿತ್ತು. 1861ರ ಮಾದರಿಯಲ್ಲಿ ಪಟ್ಟಿಯನ್ನು ಕೈಬಿಟ್ಟು ಮತ್ತೆ ತಾಮ್ರದ ಕೇಪಿಗೇ ಮರಳಿದರು. ಅಷ್ಟು ದೊಡ್ಡ ಸೈನ್ಯದ ಕೈಯಲ್ಲಿ ಆಗದ ಕೆಲಸವನ್ನು, ಹಿಂಗಾರಿ ಮಳೆಯಲ್ಲಿ ನೆನೆದ ಬನಹಟ್ಟಿ ಪೇಟೆಯಿಂದ ತಂದ ಟಿಕಳಿ ಅರ್ಧದಷ್ಟಾದರೂ ಮಾಡಿ ತೋರಿಸುತ್ತದಲ್ಲ, ಅದಕ್ಕೆ ಒಂದು ಶಹಬ್ಬಾಸ್ ಬೇಡವೇ?

ಥಂಡಿ ಬಿಡಲೆಂದು ನಾವು ಟಿಕಳಿ ಡಬ್ಬಿಯನ್ನು ಒಲೆಯ ಗೂಡಿನ ಹತ್ತಿರ ಇಡಲು ಹೋದರೆ ಅಜ್ಜಿ ಕೊಳವೆ ಹಿಡಿದು ಎದ್ದು ಬರುತ್ತಿದ್ದಳು. “ಮನಿ ಸುಡಾಕ ಹುಟ್ಟೀಯೇನೋ ಮೂಳಾ!” ಆಮೇಲೆ ಮಾಳಿಗೆಯ ಮೇಲೆ, ಮಗುಚಿ ಹಾಕಿದ ಬುಟ್ಟಿಯ ಬೆನ್ನಿಗೆ, ಒಂದೊಂದೇ ಟಿಕಳಿ ಬಿಡಿಸಿ ಬಿಸಿಲಿಗೆ ಹರವುವುದು. ಗಾಳಿ ಬಂದರೆ ನಮ್ಮ ಮದ್ದುಗುಂಡಿನ ದಾಸ್ತಾನೆಲ್ಲ ಪಕ್ಕದ ಮನೆಯವರ ಪಾಲು.

ಗದ್ದಲದ ಮಾತು ಬಂತಲ್ಲ. ಪಟಾಕಿ ಒಡೆದ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರಬಾರದೆಂದು ಸರ್ಕಾರದ ನಿಯಮ. ಟಿಕಳಿ ಪಿಸ್ತೂಲಿನ ಮಟ್ಟಿಗೆ ಆ ನಾಲ್ಕು ಮೀಟರ್ ದಾಟುವುದೇ ಒಂದು ಪ್ರವಾಸ. ಅದರಲ್ಲೂ ಬನಹಟ್ಟಿಯಲ್ಲಿ! ಪಾವರ್‌ಲೂಮಿನ ಶೆಡ್ಡಿನಲ್ಲಿ ಲಾಳಿ ಅತ್ತಿಂದಿತ್ತ ಬಡಿಯುವಾಗ ಪಕ್ಕದ ಮಗ್ಗದವನಿಗೆ ದಾರ ಕೇಳಬೇಕೆಂದರೂ ಕೈಸನ್ನೆಯೇ ಗತಿ. ಹೊಸ ಪಿಸ್ತೂಲು ತೋರಿಸಲು ನಾನು ಶೆಡ್ಡಿಗೆ ಓಡಿಹೋಗಿ ಅಪ್ಪನ ಬೆನ್ನ ಹಿಂದೆ ನಿಂತು ಹೊಡೆದೆ. ಅಪ್ಪ ತಿರುಗಲಿಲ್ಲ. ಮತ್ತೆ ಹೊಡೆದೆ. ಕಡೆಗೆ ಅಂಗಿ ಜಗ್ಗಿ, “ಯಪ್ಪಾ, ಬಾರ್ ಆತು!” ಎಂದು ಕಿರುಚಿದರೆ, ಕಡಿದ ಎಳೆ ಗಂಟು ಹಾಕುತ್ತಲೇ ಕೇಳಿದ: “ಯಾವಾಗ?”

ಶೆಡ್ಡಿನಿಂದ ಪಿಸ್ತೂಲಿಗೆ ಪ್ರತಿಸ್ಪರ್ಧಿಯೂ ಬಂತೆನ್ನಿ. ಮಗ್ಗದ ಹಳೇ ನಟ್ಟು-ಬೋಲ್ಟು. ಒಂದು ನಟ್ಟಿಗೆ ಎರಡೂ ಕಡೆಯಿಂದ ಬೋಲ್ಟು ತಿರುವಿ, ನಡುವೆ ಟಿಕಳಿ ತುರುಕಿ ನೆಲಕ್ಕೆ ಅಪ್ಪಳಿಸಿದರೆ ಓಣಿ ಅದುರಬೇಕು. ಸಿಡಿದ ಬೋಲ್ಟು ಯಾರ ಮೊಣಕಾಲಿಗೆ ಬಡಿಯುತ್ತದೆಂಬ ಭರವಸೆ ಇರಲಿಲ್ಲ. ಇದಕ್ಕೆ ಯಾರೂ ಕೆಟ್ಟ ಹೆಸರು ಇಡಲಿಲ್ಲ, ‘ಹುಡುಗ ಶ್ಯಾಣ್ಯಾ ಅದಾನ’ ಎಂದರು. ನಿರಪರಾಧಿ ಪಿಸ್ತೂಲಿಗೆ ಬೈಗುಳ.

ಹುಡುಗರ ತಲೆ ಕೆಡಿಸುವ ವಿಚಾರ. ನಮ್ಮ ಆಟ ಡಕಾಯಿತಿಯದಲ್ಲ, ಹಲಗಲಿಯದು. ಮುಧೋಳ ತಾಲ್ಲೂಕಿನ ಹಲಗಲಿ. 1857ರಲ್ಲಿ ಕಂಪನಿ ಸರ್ಕಾರ ಎಲ್ಲರೂ ಆಯುಧ ದಾಖಲಿಸಬೇಕು, ಪರವಾನಗಿ ಇಲ್ಲದವರು ಒಪ್ಪಿಸಬೇಕು ಎಂದು ಕಾನೂನು ಮಾಡಿದಾಗ, ಅಲ್ಲಿನ ಬೇಡರು ಒಪ್ಪಲಿಲ್ಲ. ಬೇಟೆಯಾಡಿ ಬದುಕುವವನಿಗೆ, ಕಾವಲು ಕಾಯುವವನಿಗೆ ಆಯುಧವೆಂದರೆ ಅನ್ನವೂ ಮಾನವೂ ಹೌದು. ಆ ವರ್ಷದ ನವೆಂಬರ್ ಕೊನೆಗೆ ಇಂಗ್ಲಿಷರ ಪಡೆ ಬಂದು ಊರಿಗೆ ಬೆಂಕಿ ಇಟ್ಟಿತು. ಸೆರೆಸಿಕ್ಕವರಲ್ಲಿ 19 ಜನರನ್ನು ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೆ ಹಾಕಿದರು. ಜನ ಅದನ್ನು ಲಾವಣಿ ಕಟ್ಟಿ ಹಾಡಿದರು. ಶಾಸನ ತಜ್ಞ ಫ್ಲೀಟ್ ಸಾಹೇಬರು ಅದನ್ನು ಬರೆದುಕೊಂಡು ಅಚ್ಚು ಹಾಕಿಸಿದರು. ಮುಂದೆ ಶಾಲೆಯ ಪಠ್ಯಕ್ಕೂ ಬಂತು. ಈ ಸೀಮೆಯಲ್ಲಿ ಬಂದೂಕಿನ ಬಗ್ಗೆ ಹಗುರ ಮಾತಾಡುವಾಗ ಇಷ್ಟು ನೆನಪಿರಬೇಕು.

ಆಟದಲ್ಲಿ ಎಲ್ಲರೂ ಆ ಬೇಡರ ಮುಂದಾಳು ಜಡಗನೇ ಆಗಬೇಕೆನ್ನುವವರು. ತಕರಾರೆದ್ದರೆ ಅವನ ಜೊತೆಗಾರರಾದ ಬಾಲ, ಹನುಮ, ರಾಮ ಎಂದು ಹಂಚಿಕೊಳ್ಳುತ್ತಿದ್ದೆವು. ಇಂಗ್ಲಿಷ್ ಸಾಹೇಬನಾಗಲು ಮಾತ್ರ ಯಾರೂ ತಯಾರಿಲ್ಲ. ಅದಕ್ಕೊಂದು ಕಾಯ್ದೆ ಮಾಡಿಕೊಂಡೆವು: ಯಾರ ಪಿಸ್ತೂಲು ಮೊದಲು ಠುಸ್ ಎನ್ನುತ್ತದೋ ಅವನೇ ಸಾಹೇಬ. ಹೀಗಾಗಿ ನಮ್ಮ ಓಣಿಯ ಹಲಗಲಿಯಲ್ಲಿ ಸಾಹೇಬರು ದಿನಾ ಸೋಲುತ್ತಿದ್ದರು, ಊರು ಸುಡುತ್ತಿರಲಿಲ್ಲ. ಇತಿಹಾಸದ ಒಂದು ತಪ್ಪನ್ನು ತಿದ್ದಿದ ಪಿಸ್ತೂಲು ಬೇರೆ ಯಾವುದಿದೆ, ತೋರಿಸಿ. ಆ ಜಡಗ-ಬಾಲರಲ್ಲಿ ಒಬ್ಬ ಈಗ ಜಮಖಂಡಿ ಕೋರ್ಟಿನಲ್ಲಿ ವಕೀಲ, ಒಬ್ಬ ಬೆಲ್ಲದ ವ್ಯಾಪಾರಿ, ಇನ್ನೊಬ್ಬ ಬೀಳಗಿ ಕಡೆ ಮಾಸ್ತರ. ತಲೆ ಕೆಟ್ಟಿದ್ದರೆ ಅದು ಸಂಸಾರದಿಂದ.

ಹೆದರಿಸುವ ಶಕ್ತಿಯೂ ಅದಕ್ಕಿಲ್ಲ. ಮುಧೋಳದ ಸೋದರಮಾವನ ಮನೆಯಲ್ಲಿ ಬೇಟೆಯ ತಳಿಯ ನಾಯಿಯ ಮುಂದೆ ಹೊಡೆದು ನೋಡಿದ್ದೇನೆ. ಒಂದು ಕಣ್ಣು ತೆರೆದು, ಯಾರು ಎಂದು ಗುರುತಿಸಿ, ಮತ್ತೆ ಮುಚ್ಚಿಕೊಂಡಿತು. ಈ ಪಿಸ್ತೂಲನ್ನು ಆಯುಧವೆಂದು ಗಂಭೀರವಾಗಿ ತೆಗೆದುಕೊಂಡವರು ಒಬ್ಬರೇ, ವಿಮಾನ ನಿಲ್ದಾಣದ ತಪಾಸಣೆಯವರು. ಆಟಿಕೆ ಪಿಸ್ತೂಲನ್ನೂ ಕೈಚೀಲದಲ್ಲಿ ಒಯ್ಯುವಂತಿಲ್ಲ. ನನ್ನ ತಂಗಿಯ ಮಗನ ಚೀಲದಿಂದ ಅದನ್ನು ಹೊರಗೆ ತೆಗೆಸಿದರು. ಹುಡುಗ ಅತ್ತ. ನನಗೆ ಮಾತ್ರ ಒಳಗೊಳಗೇ ಹೆಮ್ಮೆ. ಕಡೆಗೂ ಒಬ್ಬರು ಬೆಲೆ ಕೊಟ್ಟರಲ್ಲ!

ಬೈಯುವುದಿದ್ದರೆ ಬೈಯಲು ಬೇರೆಯದೇ ಇದೆ. ಈಚೆಗೆ ಪ್ಲಾಸ್ಟಿಕ್ ಪೈಪಿನ ಕಾರ್ಬೈಡ್ ಗನ್ ಎಂಬ ಅನಿಷ್ಟ ಬಂದಿದೆ. ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ಬಿದ್ದರೆ ಅಸಿಟಿಲೀನ್ ಅನಿಲ ಹುಟ್ಟುತ್ತದೆ, ಕಿಡಿ ಕೊಟ್ಟರೆ ಸಿಡಿಯುತ್ತದೆ. ಸಿಡಿಯಲಿಲ್ಲವೆಂದು ಮಗು ಪೈಪಿನ ಬಾಯಿಗೆ ಕಣ್ಣಿಟ್ಟು ನೋಡುವ ಹೊತ್ತಿಗೇ ಸಿಡಿಯುತ್ತದೆ. 2025ರ ದೀಪಾವಳಿಯಲ್ಲಿ ಭೋಪಾಲ ಮತ್ತು ಸುತ್ತಲ ಊರುಗಳಲ್ಲಿ ಎಷ್ಟೋ ಮಕ್ಕಳು ಹೀಗೆ ಕಣ್ಣಿಗೆ ಪೆಟ್ಟು ಮಾಡಿಕೊಂಡು ಆಸ್ಪತ್ರೆ ಸೇರಿದರು. ಅದು ಬಾರ್ ಆಗುವುದೇ ಅದರ ದೋಷ. ನಮ್ಮ ತಗಡಿನದು ಬಾರ್ ಆಗದಿದ್ದರೆ ಹುಡುಗ ಮೂಗು ಎಳೆದುಕೊಂಡು ಇನ್ನೊಂದು ಟಿಕಳಿ ಇಡುತ್ತಾನೆ, ಅಷ್ಟೇ. ಬೆರಳ ತುದಿ ಚುರುಕ್ಕೆನ್ನುವುದು ಹೌದು. ಕಿವಿಯ ಹತ್ತಿರ ಹಿಡಿದು ಹೊಡೆಯುವುದನ್ನು ಮಾತ್ರ ನಾನೂ ಸಮರ್ಥಿಸುವುದಿಲ್ಲ, ಸಣ್ಣ ಕಿವಿಗೆ ಅದು ಕೆಡುಕೇ.

ಈ ಸಲ ಹಬ್ಬದ ಸಂತೆಗೆ ಹೋದಾಗ ಮಕ್ಕಳಿಗೊಂದು ತಗಡಿನ ಪಿಸ್ತೂಲು ಕೊಡಿಸಿರಿ. ಕುದುರೆ ನೆಟ್ಟಗೆ ಬೀಳುತ್ತದೋ ನೋಡಿಕೊಳ್ಳಿರಿ. ಟಿಕಳಿ ಡಬ್ಬಿಯನ್ನು ಕಿವಿಯ ಹತ್ತಿರ ಅಲುಗಿಸಿರಿ. ಒಣಗಿದ್ದರೆ ಸರಸರ ಎನ್ನುತ್ತದೆ, ಹಸಿಯಾಗಿದ್ದರೆ ಮುದ್ದೆಯಾಗಿ ಸುಮ್ಮನಿರುತ್ತದೆ. ಏನೇ ಆಗಲಿ, ಎರಡು ಡಬ್ಬಿ ಜಾಸ್ತಿಯೇ ತೆಗೆದುಕೊಳ್ಳಿರಿ. ಅರ್ಧ ಠುಸ್ ಅನ್ನುತ್ತವೆ.