ಈ ಸಲ ನಮ್ಮದೇ!

ಇಂಗ್ಲೆಂಡಿನ ಫುಟ್‌ಬಾಲ್ ಪ್ರೀಮಿಯರ್ ಲೀಗಿನಲ್ಲಿ ಆರ್ಸೆನಲ್ ತಂಡದ ಅಭಿಮಾನಿಗಳೆಂದರೆ ಉಳಿದವರಿಗೆ ನಗು. 2003-04ರಲ್ಲಿ 38 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಗೆದ್ದ ಪ್ರಶಸ್ತಿಯನ್ನು ಅಜ್ಜಿಯ ಕಾಲದ ಒಡವೆಯಂತೆ ಆಗಾಗ ಪೆಟ್ಟಿಗೆಯಿಂದ ತೆಗೆದು ಒರೆಸಿಡುತ್ತಾರೆ. ಮೂರು ಪಂದ್ಯ ಗೆದ್ದರೆ ‘ಈ ಸಲ ನಮ್ಮದೇ’. ಒಂದು ಡ್ರಾ ಆದರೆ ಕೋಚ್‌ಗೆ ಗೇಟ್‌ಪಾಸ್. ಆದರೂ ಇವರ ಆಸೆಗೆ ಲೆಕ್ಕದ ಬೆಂಬಲವಿದೆ. 2023-24ರಲ್ಲಿ ತಂಡ ಗಳಿಸಿದ್ದು 89 ಅಂಕ. 2015-16ರಲ್ಲಿ ಲೆಸ್ಟರ್ ಸಿಟಿ 81 ಅಂಕಕ್ಕೇ ಚಾಂಪಿಯನ್ ಆಗಿತ್ತು. 1997-98ರಲ್ಲಿ ಇದೇ ಆರ್ಸೆನಲ್ 78ಕ್ಕೆ ಕಪ್ ಎತ್ತಿತ್ತು. ಪಾಪ, 2023-24ರಲ್ಲಿ ಎದುರಿಗೆ 91 ಅಂಕದ ಮ್ಯಾಂಚೆಸ್ಟರ್ ಸಿಟಿ ಕೂತಿತ್ತು.

‘ಎರಡನೆಯವರಿಗೆ ಕಪ್ ಕೊಡುವುದಿಲ್ಲವಲ್ಲ’ ಎಂಬ ಆಕ್ಷೇಪ ಸರಿಯೇ. ಆದರೆ 2018-19ರಲ್ಲಿ 97 ಅಂಕ ಗಳಿಸಿಯೂ ಒಂದೇ ಅಂಕದಿಂದ ಕಪ್ ಕಳೆದುಕೊಂಡ ಲಿವರ್‌ಪೂಲ್, ಮರುವರ್ಷ 99 ಅಂಕದೊಂದಿಗೆ ಗೆದ್ದಿತು. ಎರಡನೆಯ ಸ್ಥಾನವೂ ಒಂದು ಸರತಿ ಸಾಲೇ. ‘ಹಾಗಿದ್ದರೆ ಆರ್ಸೆನಲ್ 2024-25ರಲ್ಲಿ 74 ಅಂಕಕ್ಕೆ ಇಳಿದದ್ದೇಕೆ?’ ಎಂದು ಕೇಳುವವರಿದ್ದಾರೆ. ಸಾಲು ಹಿಂದಕ್ಕೂ ಸರಿಯುತ್ತದೆಂದು ರೇಷನ್ ಅಂಗಡಿಯ ಮುಂದೆ ನಿಂತವರಿಗೆ ಗೊತ್ತು. ಅಂದಹಾಗೆ, 2024-25ರಲ್ಲಿ ಆರ್ಸೆನಲ್ ಸೋತದ್ದು 4 ಪಂದ್ಯ. ಚಾಂಪಿಯನ್ ಲಿವರ್‌ಪೂಲ್ ಸೋತದ್ದೂ ನಾಲ್ಕೇ. ಆರ್ಸೆನಲ್ಲಿನ ಡ್ರಾ ಮಾತ್ರ 14.